ಗುಳ್ಳೆಯ ಜಾಡು ಹಿಡಿದ ಯಂತ್ರ

ಜಪಾನಿನ ನಾಗಸಾಕಿ ಸೀಮೆಯಲ್ಲಿ ಕುಚಿನೋತ್ಸು ಎಂಬ ಸಣ್ಣ ಬಂದರು ಊರಿದೆ. 1938ರಲ್ಲಿ ಫುರುನೋ ಕಿಯೋತಕ ಎಂಬ ಯುವಕ ಅಲ್ಲೊಂದು ವಿದ್ಯುತ್ ಅಂಗಡಿ ತೆರೆದ. ದೋಣಿಗಳ ವಿದ್ಯುತ್ ಕೆಲಸ ಮಾಡಿಕೊಡುವುದು ಅವನ ಕಸುಬು. ಒಮ್ಮೆ ಮೀನುಗಾರನೊಬ್ಬ ಅವನಿಗೆ ತನ್ನ ವೃತ್ತಿಯ ಒಂದು ಗುಟ್ಟು ಹೇಳಿದ: ನೀರಲ್ಲಿ ಗುಳ್ಳೆ ಏಳುವ ಕಡೆ ಮೀನಿರುತ್ತದೆ, ಗುಳ್ಳೆ ಹೆಚ್ಚಿದ್ದರೆ ಮೀನೂ ಹೆಚ್ಚು. ಗುಳ್ಳೆಯನ್ನು ಯಂತ್ರದಿಂದ ಪತ್ತೆ ಹಚ್ಚಬಹುದೇ ಎಂಬ ಪ್ರಶ್ನೆ ಆ ಅಂಗಡಿಯವನ ತಲೆಯಲ್ಲಿ ಕೂತುಬಿಟ್ಟಿತು. ಇಂದು ಲೋಕದ ಎಲ್ಲ ಕಡಲುಗಳಲ್ಲೂ ಓಡಾಡುವ ಮೀನುಗಾರಿಕೆ ದೋಣಿಗಳಲ್ಲಿರುವ ಫಿಶ್ ಫೈಂಡರಿನ ಕಥೆ ಹೀಗೆ ಅಕ್ಷರ ಕಲಿತವರ ಪುಸ್ತಕದಿಂದಲ್ಲ, ಕಡಲು ಕಂಡವನ ಮಾತಿನಿಂದ ಶುರುವಾಗುತ್ತದೆ.

ನೀರಿಗೆ ಕಿವಿಗೊಡುವ ವಿದ್ಯೆ ಅದಕ್ಕೂ ಹಳೆಯದು. 1826ರಲ್ಲಿ ಕೊಲಾಡೊನ್ ಜಿನೀವಾ ಸರೋವರದೊಳಗೆ ಗಂಟೆ ಬಾರಿಸಿ, ನೀರಲ್ಲಿ ಶಬ್ದ ಸೆಕೆಂಡಿಗೆ 1400 ಮೀಟರಿಗೂ ಹೆಚ್ಚು ದೂರ ಸಾಗುತ್ತದೆಂದು ಅಳೆದಿದ್ದ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಿಮಬಂಡೆಯನ್ನು ಮುಂಚೆಯೇ ಅರಿಯುವ ಉಪಾಯಕ್ಕಾಗಿ ಹುಡುಕಾಟ ನಡೆಯಿತು. 1914ರಲ್ಲಿ ಫೆಸೆಂಡೆನ್ ಪ್ರತಿಧ್ವನಿಯಿಂದಲೇ ಹಿಮಬಂಡೆಯನ್ನು ಗುರುತಿಸಿ ತೋರಿಸಿದ. ಮೊದಲ ಮಹಾಯುದ್ಧದಲ್ಲಿ ಲಾಂಜವಿನ್ ಅದೇ ತತ್ವವನ್ನು ಜಲಾಂತರ್ಗಾಮಿಗಳ ಬೇಟೆಗೆ ತಿರುಗಿಸಿದ. ಇವರಾರಿಗೂ ಮೀನು ಬೇಕಿರಲಿಲ್ಲ. 1935ರಲ್ಲಿ ನಾರ್ವೆಯ ವಿಜ್ಞಾನಿ ಆಸ್ಕರ್ ಸುಂಡ್, ಲೋಫೋಟೆನ್ ಬಳಿಯ ಕಾಡ್ ಮೀನಿನ ಹಿಂಡು ಆಳಮಾಪಕದ ಕಾಗದದ ಮೇಲೆ ಮೂಡಿಸಿದ ಗುರುತನ್ನು ಪ್ರಕಟಿಸಿದಾಗ ಅದು ವಿದ್ವಾಂಸರ ಗಮನಕ್ಕೆ ಬಂತು.

ಎರಡನೇ ಮಹಾಯುದ್ಧ ಮುಗಿದ ಜಪಾನಿನಲ್ಲಿ ಹಸಿವಿತ್ತು. ಸೇನೆ ಬಳಸಿ ಬಿಟ್ಟ ಆಳಮಾಪಕಗಳೂ ಇದ್ದವು. ಫುರುನೋ ಅಣ್ಣತಮ್ಮಂದಿರು ಅಂಥದನ್ನೇ ಬಿಚ್ಚಿ, ಜೋಡಿಸಿ, ದೋಣಿಗೆ ಕಟ್ಟಿ ನೋಡಿದರು. 1948ರಲ್ಲಿ ಅವರ ಯಂತ್ರ ಮಾರಾಟಕ್ಕೆ ಬಂತು. ಮೊದಮೊದಲು ಅದರ ಮೇಲೆ ಯಾರಿಗೂ ನಂಬಿಕೆ ಹುಟ್ಟಲಿಲ್ಲ. ಕಾಗದದ ಮೇಲಿನ ಕಪ್ಪು ಕಲೆ ಮೀನೋ, ಅಂಬಲಿ ಮೀನೋ ಎಂದು ಹೇಳುವುದೇ ಕಷ್ಟ. ಕೊನೆಗೆ 1949ರಲ್ಲಿ ತಮ್ಮನೇ ಗೋಟೋ ದ್ವೀಪಗಳ ಮೀನುಗಾರರೊಂದಿಗೆ ದೋಣಿ ಹತ್ತಿದ. ಬಲೆ ತುಂಬಿ ಬಂತು. ಅಲ್ಲಿಂದ ಮುಂದೆ ಯಂತ್ರಕ್ಕೆ ಗಿರಾಕಿಗಳು ತಾವಾಗಿಯೇ ಬಂದರು.

ಆ ಮೀನುಗಾರ ಹೇಳಿದ ಗುಳ್ಳೆಯ ಮಾತು ಅವನಿಗೆ ತಿಳಿದದ್ದಕ್ಕಿಂತ ಹೆಚ್ಚು ನಿಜವಾಗಿತ್ತು. ಮೀನಿನ ಮಾಂಸ ಬಹುಮಟ್ಟಿಗೆ ನೀರಿನಂತೆಯೇ, ಶಬ್ದ ಅದರೊಳಗಿಂದ ಹಾದುಹೋಗುತ್ತದೆ. ಪ್ರತಿಧ್ವನಿಯ ದೊಡ್ಡ ಪಾಲು ಬರುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಮೀನುಗಾರ ನೀರ ಮೇಲಿನ ಗುಳ್ಳೆ ನೋಡುತ್ತಿದ್ದ, ಯಂತ್ರ ಮೀನೊಳಗಿನ ಗುಳ್ಳೆಯನ್ನು ಕೇಳಿಸಿಕೊಳ್ಳುತ್ತದೆ. ಗಾಳಿಚೀಲವೇ ಇಲ್ಲದ ಅಟ್ಲಾಂಟಿಕ್ ಬಂಗುಡೆ ಇವತ್ತಿಗೂ ಮಸುಕಾಗಿಯೇ ಕಾಣುತ್ತದೆ.

ಒಂದು ಯಂತ್ರ ಸಾಲದೆಂದು ಮೀನುಗಾರರಿಗೆ ಬೇಗ ಅನಿಸಿತು. 200 ಕಿಲೋಹರ್ಟ್ಜ್‌ನ ಶಬ್ದ ಸಣ್ಣ ವಿವರವನ್ನೂ ತೋರಿಸುತ್ತದೆ, ಆದರೆ ಆಳಕ್ಕೆ ಹೋದಂತೆ ಸೊರಗುತ್ತದೆ. 50 ಕಿಲೋಹರ್ಟ್ಜ್‌ನದು ಆಳ ಮುಟ್ಟುತ್ತದೆ, ವಿವರ ಕಡಿಮೆ. ಇವೆರಡೂ ನೋಡುವುದು ದೋಣಿಯ ಅಡಿಯನ್ನು ಮಾತ್ರ. ಸುತ್ತಲೂ ಓರೆಯಾಗಿ ನೋಡಲು ಸೋನಾರ್ ಬೇರೆಯೇ ಬೇಕು. ಹೀಗೆ ಒಂದೇ ದೋಣಿಯಲ್ಲಿ ಎರಡು ಮೂರು ಪರದೆಗಳು ಬಂದವು. ಆಗ ಹೊಸ ತಕರಾರು. ಒಂದೇ ಆವರ್ತನದ ಎರಡು ಯಂತ್ರಗಳು ಒಂದರ ಕೂಗನ್ನು ಇನ್ನೊಂದು ತನ್ನದೇ ಪ್ರತಿಧ್ವನಿಯೆಂದು ತಿಳಿದು ಪರದೆ ತುಂಬ ಗೀರು ಹಾಕುತ್ತವೆ. ಆವರ್ತನ ಬೇರೆ ಮಾಡಬೇಕು, ಇಲ್ಲವೇ ಸರದಿಯಲ್ಲಿ ಕೂಗುವಂತೆ ಹೊಂದಿಸಬೇಕು. ಸಂವೇದಕವನ್ನು ಪ್ರೊಪೆಲ್ಲರಿನಿಂದ ದೂರವೂ ಇಡಬೇಕು. ಅಲ್ಲೇಳುವ ಗುಳ್ಳೆಗಳು ಅದನ್ನು ಕುರುಡಾಗಿಸುತ್ತವೆ.

ಇಷ್ಟೆಲ್ಲ ಕಣ್ಣು ಬಂದ ಮೇಲೆ ಏನಾಯಿತೆಂಬುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಾಕ್ಷಿ. 1968ರಲ್ಲಿ ಅಲ್ಲಿನ ಕಡಲಿನಿಂದ 8 ಲಕ್ಷ ಟನ್ನಿಗೂ ಮಿಕ್ಕಿ ಕಾಡ್ ಮೀನು ಹಿಡಿದರು. 1980ರ ದಶಕದಲ್ಲಿ ದಡದ ಬಳಿ ಬಲೆ ಹಾಕುವ ಸಣ್ಣ ಮೀನುಗಾರರು, ಮೀನು ಕಡಿಮೆಯಾಗುತ್ತಿದೆ, ಸಿಕ್ಕಿದ್ದೂ ಸಣ್ಣದಾಗುತ್ತಿದೆ ಎಂದು ಹೇಳುತ್ತಲೇ ಬಂದರು. ಆದರೆ ದೂರ ಸಮುದ್ರದ ಟ್ರಾಲರುಗಳ ಬಲೆ ತುಂಬುತ್ತಿತ್ತು. ಉಳಿದ ಮೀನು ಒಂದೆಡೆ ಒತ್ತಾಗಿ ಸೇರಿದಾಗ ಯಂತ್ರಗಳು ಅದನ್ನು ನೇರವಾಗಿ ತೋರಿಸುತ್ತಿದ್ದವು. ಟ್ರಾಲರಿನ ಇಳುವರಿ ಲೆಕ್ಕದಲ್ಲಿ ಸೇರಿದ್ದರಿಂದ ಕಡಲು ಇನ್ನೂ ತುಂಬಿದೆಯೆಂದೇ ಅಂದಾಜಾಯಿತು. 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆ ನಿಲ್ಲಿಸಿತು. ಸುಮಾರು 30,000 ಜನರ ದುಡಿಮೆ ಹೋಯಿತು. ಎರಡು ವರ್ಷಕ್ಕೆಂದು ಹೇಳಿದ ನಿಷೇಧ ತೆರವಾದದ್ದು 2024ರಲ್ಲಿ, ಅದೂ ಸಣ್ಣ ಮಿತಿಯೊಂದಿಗೆ.

ನಮ್ಮ ಕರಾವಳಿಗೂ ಇದು ಪೂರ್ತಿ ಪರದೇಶದ ಕಥೆಯಲ್ಲ. ರಂಪಣಿಯ ಕಾಲದಲ್ಲಿ ನೀರಿನ ಬಣ್ಣ, ಹಕ್ಕಿಗಳ ಹಾರಾಟ, ರಾತ್ರಿ ನೀರಲ್ಲಿ ಮಿನುಗುವ ಬೆಳಕು ನೋಡಿ ಬಂಗುಡೆ, ಬೂತಾಯಿ ಹಿಂಡನ್ನು ಗುರುತಿಸುವ ಅನುಭವಿಗಳಿದ್ದರು. ಹಿಂಡು ದಡಕ್ಕೆ ಬಂದರೆ ಊರೇ ಸೇರಿ ಬಲೆ ಎಳೆಯುತ್ತಿತ್ತು, ಬಾರದಿದ್ದರೆ ಕಾಯುತ್ತಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ಮೀನಿದ್ದಲ್ಲಿಗೇ ಹೋಗತೊಡಗಿದವು, ರಂಪಣಿ ಮೂಲೆ ಸೇರಿತು. ಈಗ ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ತಾಂಡೇಲರ ಎದುರಿಗೂ ಆ ಪರದೆ ಹೊಳೆಯುತ್ತದೆ. ಹೊಟ್ಟೆಪಾಡಿಗೆ ಡೀಸೆಲ್ ಸುಟ್ಟು ಹೋಗುವವರು ಅದನ್ನು ಬೇಡವೆನ್ನಲಾರರು, ಬೇಡವೆನ್ನಿ ಎಂದು ಹೇಳುವ ಹಕ್ಕು ದಡದಲ್ಲಿ ಕೂತ ನಮಗೂ ಇಲ್ಲ.

ಆದರೆ ಒಂದು ಮಾತು ನೆನಪಿಡಬೇಕು. ಮೀನು ಎಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ ಈ ಯಂತ್ರ ಉತ್ತರ ಕೊಡುತ್ತದೆ. ಕಡಲಲ್ಲಿ ಎಷ್ಟು ಉಳಿದಿದೆ ಎಂಬುದನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೊದಲು ತಿಳಿದವರು ದಡದ ಬಳಿಯ ಸಣ್ಣ ದೋಣಿಯವರು. ಕುಚಿನೋತ್ಸುವಿನಲ್ಲಿ ಮೀನುಗಾರನ ಮಾತಿಗೆ ಕಿವಿಗೊಟ್ಟಿದ್ದರಿಂದ ಯಂತ್ರ ಹುಟ್ಟಿತು. ಅಲ್ಲಿ ಆ ಮಾತಿಗೆ ಯಾರೂ ಕಿವಿಗೊಡಲಿಲ್ಲ.