ಹಳಿ ಮೊದಲೇ ಇತ್ತು

ಎಚ್‌ಎಎಲ್ ಏರ್‌ಪೋರ್ಟಿನ ಕಾಲದಲ್ಲಿ ಮಾಮನನ್ನು ಗಲ್ಫಿಗೆ ಕಳಿಸೋಕೆ ನಾವೆಲ್ಲ ಮೆಜೆಸ್ಟಿಕ್‌ನಿಂದ ಸಿಟಿ ಬಸ್ಸಲ್ಲೇ ಹೋಗಿದ್ದೆವು. ಮಾರತ್ತಹಳ್ಳಿ ಕಡೆ ಹೋಗೋ ಬಸ್ಸು. ಏರ್‌ಪೋರ್ಟ್ ಅಂದ್ರೆ ದಾರಿಯಲ್ಲಿ ಸಿಗೋ ಇನ್ನೊಂದು ಸ್ಟಾಪು, ಅಷ್ಟೇ.

2008ರ ಮೇ 24ರಂದು ಏರ್‌ಪೋರ್ಟು ದೇವನಹಳ್ಳಿಗೆ ಹೋಯ್ತು. ಮೆಜೆಸ್ಟಿಕ್‌ನಿಂದ ಹೆಚ್ಚುಕಡಿಮೆ 35 ಕಿಲೋಮೀಟರ್. ಬಿಎಂಟಿಸಿ ವಾಯುವಜ್ರ ಬಿಟ್ಟಿತು: ಏಸಿ ವೋಲ್ವೊ, ಲಗೇಜಿಗೆ ಜಾಗ, ಊರಿನ ನಾನಾ ಮೂಲೆಗಳಿಂದ. ಒಳ್ಳೇ ಬಸ್ಸು, ನನ್ನದೇನೂ ತಕರಾರಿಲ್ಲ. ಆದರೆ ಹೆಬ್ಬಾಳದ ಟ್ರಾಫಿಕ್ಕಿಗೆ ವೋಲ್ವೊ ಆದ್ರೇನು, ಟ್ಯಾಕ್ಸಿ ಆದ್ರೇನು?

ನನ್ನ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗೋ ರೈಲು ಹಾದಿ ಸ್ವಾತಂತ್ರ್ಯಕ್ಕೂ ಮೊದಲಿನದು. ಆಗ ನ್ಯಾರೋಗೇಜು, ಆಮೇಲೆ ಬ್ರಾಡ್‌ಗೇಜು. ಹೊಸ ಏರ್‌ಪೋರ್ಟು ಬಂದು ಕೂತದ್ದೇ ಅದರ ಪಕ್ಕದಲ್ಲಿ. ಅಲ್ಲಿ ರೈಲು ನಿಲ್ಲೋಕೊಂದು ಪ್ಲಾಟ್‌ಫಾರ್ಮ್ ಬೇಕಿತ್ತು. ಆ ಪುಟ್ಟ ಹಾಲ್ಟ್ ಸ್ಟೇಷನ್ನಿನಲ್ಲಿ ರೈಲು ನಿಂತದ್ದು 2021ರ ಜನವರಿಯಲ್ಲಿ. 12 ವರ್ಷ ದಾಟಿದ ಮೇಲೆ!

ಹೋದ ತಿಂಗಳು ಆ ರೈಲಲ್ಲಿ ಹೋದೆ. ನನ್ನ ಬೋಗಿಯಲ್ಲಿ ಟ್ರಾಲಿ ಬ್ಯಾಗ್ ಇದ್ದದ್ದು ನನ್ನೊಬ್ಬನದೇ. ಜೊತೆಗಿಳಿದವರ ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ. ಏರ್‌ಪೋರ್ಟಲ್ಲಿ ಕೆಲಸ ಮಾಡೋರು. ಟರ್ಮಿನಲ್‌ಗೆ ಹೋಗೋ ಶಟಲ್ ಬಸ್ಸಲ್ಲಿ ಪಕ್ಕದಾಕೆ, “ದಿನಾ ಕ್ಯಾಬಲ್ಲಿ ಬಂದ್ರೆ ಸಂಬಳ ಎಲ್ಲುಳಿಯುತ್ತೆ ಸಾರ್? ಈ ಟ್ರೈನ್ ತಪ್ಪಿದ್ರೆ ಇವತ್ತಿನ ಶಿಫ್ಟೂ ತಪ್ಪಿದಂಗೆ” ಅಂದರು. ನಾನಾದರೆ ರೈಲು ತಪ್ಪೀತು ಅಂತ ಮೊದಲೇ ಫೋನಲ್ಲಿ ಕ್ಯಾಬ್ ರೇಟು ನೋಡಿಟ್ಟುಕೊಂಡಿದ್ದೆ.