ರಾಯದುರ್ಗ, ಮಡಕಶಿರಾ ಸೀಮೆಯ ಕಣ್ಣುವೈದ್ಯ

ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಕಟ್ಟುವುದು, ಮಕ್ಕಳಿಗೆ ಇರುಳುಗಣ್ಣು, ಬೇಸಿಗೆಯ ಧೂಳಿನಲ್ಲಿ ಮನೆಮಂದಿಗೆಲ್ಲ ಅಂಟುವ ಕಣ್ಣುಬೇನೆ: ಬಯಲುಸೀಮೆಯ ಬೇರೆಡೆಯಂತೆ ಈಗ ಆಂಧ್ರದಲ್ಲಿರುವ ರಾಯದುರ್ಗ, ಮಡಕಶಿರಾಗಳಲ್ಲೂ ಜನರಿಗೆ ಹೆಸರು ಹಿಡಿದು ಗೊತ್ತಿದ್ದ ರೋಗಗಳಿವು. ಮದ್ದು ಹಿತ್ತಲಲ್ಲೇ ಇತ್ತು. ನಂದಿಬಟ್ಟಲು ಹೂವಿನ ರಸ, ಎದೆಹಾಲಿನ ಹನಿ, ನೆತ್ತಿಗೆ ಹರಳೆಣ್ಣೆ. ಗುಣವಾದರೆ ದೇವಿಗೆ ಬೆಳ್ಳಿ ಕಣ್ಣಿನ ಹರಕೆ. ಇವೆಲ್ಲಕ್ಕಿಂತ ನಿಜಕ್ಕೂ ಉಪಕಾರಿಯಾದದ್ದು ನುಗ್ಗೆ, ಹೊನಗೊನ್ನೆ ಸೊಪ್ಪುಗಳ ಅಡುಗೆ. ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣಿಗೆ ಸೊಪ್ಪೇ ಮದ್ದು. ಸೊಪ್ಪೂ ಸಿಗದ ಬರಗಾಲದಲ್ಲಿ ಆ ದಾರಿಯೂ ಮುಚ್ಚುತ್ತಿತ್ತು.

ಪೊರೆಗೆ ಮಾತ್ರ ಹಿತ್ತಲ ಮದ್ದಿರಲಿಲ್ಲ. ಅದಕ್ಕೆ ಊರೂರು ಅಲೆಯುವ ಪೊರೆವೈದ್ಯರಿದ್ದರು. ಸುಶ್ರುತ ಸಂಹಿತೆಯಲ್ಲಿ ಬರುವ ಶಸ್ತ್ರಕ್ರಿಯೆಯೇ ಅವರ ಕೈಯಲ್ಲಿ ಒರಟಾಗಿ ಉಳಿದಿತ್ತು. ಹಗಲು ಬೆಳಕಿನಲ್ಲಿ ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಕಣ್ಣಿನ ಕಪ್ಪಿನ ಪಕ್ಕದಲ್ಲಿ ಚೂಪಾದ ಅಲಗಿನಿಂದ ತೂತು ಮಾಡಿ, ಮೊಂಡು ತಾಮ್ರದ ಕಡ್ಡಿ ತೂರಿಸಿ, ಬೆಳ್ಳಗಾದ ಮಸೂರವನ್ನು ಕೆಳಕ್ಕೆ ಅದುಮುತ್ತಿದ್ದರು. ಅಡ್ಡವಿದ್ದದ್ದು ಸರಿದ ಕೂಡಲೇ ಬೆಳಕು ಒಳಹೋಗುತ್ತದೆ. ‘ಬೆರಳೆಷ್ಟು?’ ಎಂದರೆ ರೋಗಿ ಎಣಿಸಿ ಹೇಳುತ್ತಾನೆ. ದುಡ್ಡು ಕೈಸೇರುತ್ತದೆ, ಕಣ್ಣಿಗೆ ಪಟ್ಟಿ ಬೀಳುತ್ತದೆ. ಪಟ್ಟಿ ಬಿಚ್ಚುವ ಹೊತ್ತಿಗೆ ವೈದ್ಯ ಊರು ಬಿಟ್ಟಿರುತ್ತಾನೆ. ಕೊಳಕು ಕಡ್ಡಿಯಿಂದ ಕಣ್ಣು ಕೀವಾಗುವುದು, ಒಳಗೆ ಬಿದ್ದ ಮಸೂರದಿಂದ ಒತ್ತಡ ಏರಿ ದೃಷ್ಟಿಯೇ ಹೋಗುವುದು ಆಮೇಲಿನ ಮಾತು.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1819ರಲ್ಲಿ ಶುರುವಾದ ಮದ್ರಾಸಿನ ಕಣ್ಣಾಸ್ಪತ್ರೆಗೆ ಇಂಥ ಕೆಟ್ಟ ಕಣ್ಣುಗಳು ಬರುತ್ತಲೇ ಇದ್ದವು. ಅಲ್ಲಿ ಮುಖ್ಯಸ್ಥರಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಅವುಗಳನ್ನು ಪರೀಕ್ಷಿಸಿ 1917ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪೊರೆವೈದ್ಯರನ್ನು ಮೋಸಗಾರರೆಂದು ತಳ್ಳಿಹಾಕುವುದು ಸುಲಭ. ಆದರೆ ಮದ್ರಾಸು ದೂರ, ವೈದ್ಯ ಬಾಗಿಲಲ್ಲಿ; ಕುರುಡು ಮುದುಕಿ ಯಾರನ್ನು ನಂಬಬೇಕಿತ್ತು?

ಆಡಳಿತದ ಗೆರೆಗಳೂ ಸರಿದಾಡುತ್ತಿದ್ದವು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾದಾಗ ಮಡಕಶಿರಾ ಅದಕ್ಕೆ ಸೇರಿತು. ಬಳ್ಳಾರಿಯಲ್ಲೇ ಉಳಿದಿದ್ದ ರಾಯದುರ್ಗ 1953ರಲ್ಲಿ ಆಂಧ್ರದ ಪಾಲಾಯಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಣ್ಣಿನ ರೋಗಿಗೆ ಈ ಗೆರೆಗಳು ಅಷ್ಟಾಗಿ ಲೆಕ್ಕಕ್ಕಿಲ್ಲ. ಕನ್ನಡ ಗೊತ್ತು, ಬಸ್ಸಿದೆ; ರಾಯದುರ್ಗಕ್ಕೆ ಬಳ್ಳಾರಿ ಸುಮಾರು 50 ಕಿ.ಮೀ., ಮಡಕಶಿರಾಕ್ಕೆ ಪಾವಗಡ ನೆರೆಯ ಊರು, ಬೆಂಗಳೂರಿನಲ್ಲಿ 1896ರಿಂದ ನಡೆದು ಬಂದ ಮಿಂಟೋ ಕಣ್ಣಾಸ್ಪತ್ರೆ ಇದೆ.

ವೈದ್ಯನೇ ಊರಿಗೆ ಬರುವ ಹಳೆಯ ಪದ್ಧತಿಯನ್ನು ಶುಚಿಗೊಳಿಸಿ ಮತ್ತೆ ಬಳಕೆಗೆ ತಂದವರಲ್ಲಿ ಬೀಳಗಿಯ ಡಾ. ಎಂ. ಸಿ. ಮೋದಿ ದೊಡ್ಡ ಹೆಸರು. ಕರ್ನಾಟಕ, ಆಂಧ್ರದ ಊರುಗಳಲ್ಲಿ ಉಚಿತ ಶಿಬಿರ ನಡೆಸಿದ ಅವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರು. ಶಾಲೆಯೋ ಛತ್ರವೋ ಆಸ್ಪತ್ರೆಯಾಗುತ್ತಿದ್ದ ಕಾಲವದು. ಸಾಲಾಗಿ ಮಲಗಿದವರ ಪೊರೆಗಟ್ಟಿದ ಮಸೂರವನ್ನೇ ಹೊರತೆಗೆಯುತ್ತಿದ್ದರು. ತಲೆ ಅಲ್ಲಾಡಿಸದೆ ದಿನಗಟ್ಟಲೆ ಮಲಗಿರಬೇಕಿತ್ತು. ಮಸೂರ ಹೋದ ಕಣ್ಣಿಗೆ ಸೋಡಾ ಬಾಟಲಿಯಂಥ ದಪ್ಪ ಗಾಜಿನ ಕನ್ನಡಕವೇ ಗತಿ. ಅದು ಒಡೆದರೆ ಮತ್ತೆ ಕತ್ತಲೆ.

1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಬಂತು. 1994ರಿಂದ ವಿಶ್ವಬ್ಯಾಂಕ್ ನೆರವಿನ ಪೊರೆ ಯೋಜನೆ ಏಳು ರಾಜ್ಯಗಳಲ್ಲಿ ನಡೆಯಿತು. ಆಂಧ್ರ ಅದರಲ್ಲಿತ್ತು, ಕರ್ನಾಟಕ ಇರಲಿಲ್ಲ. ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಎಂಬ ಕ್ರಮ ನೆಲೆಗೊಂಡದ್ದು ಆಗ. ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲು ಅಳವಡಿಸಿದ ಕೃತಕ ಮಸೂರ ಹಳ್ಳಿಗರ ಕಣ್ಣಿಗೂ ಬಂದು ದಪ್ಪ ಕನ್ನಡಕ ಮರೆಯಾಯಿತು. 1991ರಲ್ಲಿ ಪುಟ್ಟಪರ್ತಿಯ ದೊಡ್ಡಾಸ್ಪತ್ರೆ ತೆರೆಯಿತು. ಗಡಿಯಾಚೆ ಪಾವಗಡದಲ್ಲಿ ಶಾರದಾದೇವಿ ಕಣ್ಣಾಸ್ಪತ್ರೆ ಎದ್ದಿತು.

ಉಳಿದ ರೋಗಗಳು ಸದ್ದಿಲ್ಲದೆ ಹಿಂದೆ ಸರಿದವು. ರೆಪ್ಪೆಯೊಳಗೆ ಗುಳ್ಳೆಯೆದ್ದು ಕ್ರಮೇಣ ಕೂದಲು ಒಳಕ್ಕೆ ಮಡಚಿ ಕಣ್ಣನ್ನು ಗೀರುವ ಟ್ರಕೋಮಾಕ್ಕೆ 1963ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಭಾರತದಲ್ಲಿ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಾರಿತು. ಇರುಳುಗಣ್ಣು ತಡೆಯಲು 1970ರಿಂದ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುತ್ತ ಬಂದಿದ್ದಾರೆ.

ಗ್ಲೊಕೋಮಾ ಮಾತ್ರ ಹಾಗಲ್ಲ. ಕಣ್ಣೊಳಗಿನ ಒತ್ತಡ ಏರಿ ನರ ಸವೆಯುತ್ತದೆ. ನೋವಿಲ್ಲ, ಅಂಚಿನ ನೋಟ ಮೊದಲು ಹೋಗುತ್ತದೆ, ಹೋದದ್ದು ಮರಳದು. ಇದಕ್ಕೆ 1909ರಲ್ಲಿ ಹೊಸ ಶಸ್ತ್ರಕ್ರಿಯೆ ರೂಪಿಸಿದವರೂ ಅದೇ ಎಲಿಯಟ್. ಈಗ ದಿನವೂ ಹಾಕುವ ಹನಿಮದ್ದೇ ಮೊದಲ ಚಿಕಿತ್ಸೆ. ಪೊರೆಯನ್ನೇ ಹುಡುಕುವ ಶಿಬಿರಗಳ ಕಣ್ಣಿಗೆ ಇದು ಬೀಳುವುದು ಕಷ್ಟ. ಸಕ್ಕರೆ ಕಾಯಿಲೆಯವರ ರೆಟಿನಾ ತೊಂದರೆಯದೂ ಇದೇ ಕಥೆ.

ಕನ್ನಡಕದ ಕೆಲಸ ಇನ್ನೂ ತಡವಾಯಿತು. ಈಗ ಜೀನ್ಸ್ ಹೊಲಿಗೆಗೆ ಹೆಸರಾದ ರಾಯದುರ್ಗದಲ್ಲಿ ನಲವತ್ತು ದಾಟಿದ ದರ್ಜಿಗೆ ಸೂಜಿಗೆ ದಾರ ಪೋಣಿಸಲು ಚಾಳೀಸು ಬೇಕೇಬೇಕು. ಆಂಧ್ರ ಸರ್ಕಾರ 2019ರ ಅಕ್ಟೋಬರ್ 10ರಂದು ಅನಂತಪುರದಲ್ಲಿ ‘ಕಂಟಿ ವೆಲುಗು’ ಯೋಜನೆಗೆ ಚಾಲನೆ ಕೊಟ್ಟು, ಮೊದಲು ಶಾಲಾ ಮಕ್ಕಳ, ನಂತರ ಹಿರಿಯರ ಕಣ್ಣು ಪರೀಕ್ಷಿಸಿ ಕನ್ನಡಕ ಹಂಚಲು ತೊಡಗಿತು.