ಸುರಪುರದ ಭಾವಚಿತ್ರ: ಗದ್ದುಗೆಯಿಂದ ಕ್ಯಾಮೆರಾದವರೆಗೆ
ಮನೆಯಲ್ಲೇ ಪಾಠದ ವಿಡಿಯೊ ಚಿತ್ರಿಸುವವರು ಉಡುಪು, ಹಿನ್ನೆಲೆ, ಬೆಳಕುಗಳನ್ನು ಹೊಂದಿಸಿಕೊಳ್ಳುವ ಕ್ರಮಕ್ಕೆ ಯಾದಗಿರಿ ಸೀಮೆಯಲ್ಲಿ ಹಳೆಯ ಪೂರ್ವಪೀಠಿಕೆಯಿದೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಿರುಚಿತ್ರ ಶೈಲಿ, ಅಂದರೆ ಸೂಕ್ಷ್ಮ ಕುಂಚದಿಂದ ಬರೆದು ಚಿನ್ನದ ಲೇಪವನ್ನು ಧಾರಾಳವಾಗಿ ಬಳಸುವ ಸಣ್ಣ ಅಳತೆಯ ವರ್ಣಚಿತ್ರ, ದೇವತೆಗಳೊಂದಿಗೆ ಅರಸರನ್ನೂ ಚಿತ್ರಿಸಿತು. ಗರುಡಾದ್ರಿ ಮನೆತನದ ಕಲಾವಿದರು ಅದರಲ್ಲಿ ಹೆಸರಾದವರು. ಇಂತಹ ಆಸ್ಥಾನ ಭಾವಚಿತ್ರಗಳಲ್ಲಿ ಮುಖದ ಹೋಲಿಕೆಗಿಂತ ಪದವಿಯೇ ಮುಖ್ಯವಾದ್ದರಿಂದ, ಪೇಟ, ಆಭರಣ, ಒರಗುದಿಂಬುಗಳೇ ಅರ್ಧ ಮಾತಾಡುತ್ತವೆ. 1841ರಲ್ಲಿ ಸುರಪುರಕ್ಕೆ ಬಂದು, ಬಾಲಕ ಅರಸ ವೆಂಕಟಪ್ಪ ನಾಯಕನ ಕಾಲದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಮುಂದೆ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದ ಪೀಪಲ್ ಆಫ್ ಇಂಡಿಯಾ’ ಛಾಯಾಚಿತ್ರ ಕೋಶಕ್ಕೆ ವಿವರಣೆ ಬರೆದವರಲ್ಲಿ ಒಬ್ಬ. ಅಲ್ಲಿ ಭಂಗಿಯ ಆಯ್ಕೆ, ಬಹುಮಟ್ಟಿಗೆ, ಕ್ಯಾಮೆರಾದ ಹಿಂದಿದ್ದವರದು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಮೊಬೈಲಿಗೆ ಇಳಿದಾಗ ಆ ಆಯ್ಕೆ ಕುಳಿತವರ ಕೈಗೇ ಬಂದಿತು.